ಬಾಡಿದ ಮನಸ್ಸು, ಏರುವ ಸಕ್ಕರೆ

ಮಧುಮೇಹದ ಬಗ್ಗೆ ನಮ್ಮಲ್ಲಿ ಮಾತಿಗೆ ಬರವಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಹೋಳಿಗೆ ಬಡಿಸುವವರು ಹತ್ತಿರ ಬಂದೊಡನೆ ಎಲೆಯ ಮೇಲೆ ಕೈ ಅಡ್ಡ ಹಿಡಿಯುವವರು ಸಾಲಿಗೆ ಮೂರು ನಾಲ್ಕು ಮಂದಿಯಾದರೂ ಇರುತ್ತಾರೆ. "ನನಗೆ ಶುಗರ್ ಇದೆ" ಎನ್ನಲು ಅವರಿಗೆ ಯಾವ ಸಂಕೋಚವೂ ಇಲ್ಲ. ಪಕ್ಕದ ಎಲೆಯವರು ಅಷ್ಟೇ ಸಲೀಸಾಗಿ "ನನಗೆ ಖಿನ್ನತೆ ಇದೆ, ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ" ಎಂದದ್ದನ್ನು ನೀವು ಕೇಳಿದ್ದೀರಾ? ನಾನಂತೂ ಕೇಳಿಲ್ಲ. ಒಂದು ಕಾಯಿಲೆ ಪಂಕ್ತಿಯಲ್ಲಿ ಕೂತಿದೆ, ಇನ್ನೊಂದು ಕೋಣೆಯ ಬಾಗಿಲು ಹಾಕಿಕೊಂಡಿದೆ. ಆದರೆ ದೇಹದೊಳಗೆ ಇವೆರಡೂ ಅಕ್ಕಪಕ್ಕದ ಮನೆಯವು. ಒಂದು ಇದ್ದಲ್ಲಿಗೆ ಇನ್ನೊಂದು ಬರುವ ಸಂಭವ ಹೆಚ್ಚು. ಖಿನ್ನತೆಯಿಂದ ಬಳಲುತ್ತಿರುವವರಿಗೆ ಮಧುಮೇಹ ಬರದಂತೆ ಏನು ಮಾಡಬಹುದು ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಮೊದಲೇ ಹೇಳಿಬಿಡುತ್ತೇನೆ, ನಾನು ವೈದ್ಯೆಯಲ್ಲ. ವಿಜ್ಞಾನ ಓದಿ ದೂರದರ್ಶನಕ್ಕೆ ಬಂದವಳು. ತಜ್ಞರನ್ನು ಕ್ಯಾಮೆರಾದ ಮುಂದೆ ಕೂರಿಸಿ, ಅವರ ಮಾತನ್ನು ನಿಮ್ಮ ಮನೆಗೆ ತಲುಪಿಸುವುದು ನನ್ನ ವೃತ್ತಿ. ಮಧುಮೇಹದ ಫೋನ್-ಇನ್ ಕಾರ್ಯಕ್ರಮವಾದರೆ ಕರೆ ಮಾಡಿದವರು ತಮ್ಮ ಹೆಸರು, ಊರು, ಹಿಂದಿನ ವಾರದ ರಕ್ತಪರೀಕ್ಷೆಯ ಅಂಕಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳುತ್ತಾರೆ. ಖಿನ್ನತೆಯ ಕಾರ್ಯಕ್ರಮವಾದರೆ "ನಮ್ಮ ಪರಿಚಯದವರೊಬ್ಬರಿಗೆ..." ಎಂದು ಪ್ರಶ್ನೆ ಶುರುವಾಗುತ್ತದೆ. ಆ ಪರಿಚಯದವರು ಯಾರೆಂಬುದು ಸ್ಟುಡಿಯೋದಲ್ಲಿರುವ ನಮಗೆಲ್ಲ ಅರ್ಥವಾಗುತ್ತದೆ. ಇವೆರಡರ ನಡುವೆ ಬೀಳುವ ಪ್ರಶ್ನೆಗಳೂ ಇವೆ. ಮನಸ್ಸಿಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರ ತೂಕ ಏರುತ್ತಿದೆ, ಯಾರನ್ನು ಕೇಳಬೇಕು? ಮನೋವೈದ್ಯರ ಬಳಿ ಸಕ್ಕರೆಯ ಮಾತು ಏಳುವುದಿಲ್ಲ, ಸಕ್ಕರೆ ವೈದ್ಯರ ಬಳಿ ಮನಸ್ಸಿನ ಮಾತು ಏಳುವುದಿಲ್ಲ. ಹೀಗೆ ಎರಡು ಬಾಗಿಲುಗಳ ನಡುವಿನ ಪಡಸಾಲೆಯಲ್ಲಿ ನಿಂತವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ನೀವೇ ಆ ವ್ಯಕ್ತಿಯಾಗಿರಬಹುದು, ಇಲ್ಲವೇ ಅಂಥವರು ನಿಮ್ಮ ಮನೆಯಲ್ಲಿರಬಹುದು.

ಅಂಕಿಗಳನ್ನು ಬೇಗ ಮುಗಿಸೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2023ರಲ್ಲಿ ಪ್ರಕಟಿಸಿದ ರಾಷ್ಟ್ರವ್ಯಾಪಿ ಸಮೀಕ್ಷೆಯ ಅಂದಾಜಿನಂತೆ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ. ಇನ್ನೂ 13 ಕೋಟಿ 60 ಲಕ್ಷ ಜನ ಅದರ ಹೊಸ್ತಿಲ ಮೇಲೆ ನಿಂತಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು, 20 ವಯಸ್ಕರಲ್ಲಿ ಒಬ್ಬರು ಬದುಕಿನ ಯಾವುದಾದರೂ ಒಂದು ಘಟ್ಟದಲ್ಲಿ ಖಿನ್ನತೆಗೆ ಒಳಗಾಗುತ್ತಾರೆಂದು ಕಂಡುಕೊಂಡಿತು. ಅಂಥವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಜನರಿಗೆ ಯಾವ ಚಿಕಿತ್ಸೆಯೂ ಸಿಗುತ್ತಿರಲಿಲ್ಲ. ಇನ್ನು ಇವೆರಡರ ನಂಟು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, ಖಿನ್ನತೆ ಇರುವವರಿಗೆ ಮುಂದೆ ಮಧುಮೇಹ ಬರುವ ಸಂಭವ ಉಳಿದವರಿಗಿಂತ ಶೇಕಡಾ 37ರಷ್ಟು ಹೆಚ್ಚೆಂದು 2006ರ ಒಂದು ವರದಿಯೂ, ಶೇಕಡಾ 60ರಷ್ಟು ಹೆಚ್ಚೆಂದು 2008ರ ಇನ್ನೊಂದು ವರದಿಯೂ ಹೇಳಿದವು. ಇಲ್ಲಿ ಗಾಬರಿ ಬೇಡ. ಶೇಕಡಾ 60ರಷ್ಟು ಹೆಚ್ಚು ಎಂದರೆ ನೂರರಲ್ಲಿ 60 ಜನರಿಗೆ ಬರುತ್ತದೆ ಎಂದಲ್ಲ. ಬೇರೆಯವರಲ್ಲಿ ನೂರಕ್ಕೆ 10 ಜನರಿಗೆ ಬರುವ ಕಡೆ ಇವರಲ್ಲಿ 14ರಿಂದ 16 ಜನರಿಗೆ ಬರುತ್ತದೆ ಎಂದು ಅರ್ಥ. ತಡೆಯಬಹುದಾದ ಅಪಾಯವಿದು, ಹಣೆಬರಹವಲ್ಲ.

ಈ ನಂಟು ಹಿಂದಿನವರ ಕಣ್ಣಿಗೂ ಬಿದ್ದಿತ್ತು. ಮೂತ್ರಕ್ಕೆ ಇರುವೆ ಮುತ್ತುವುದನ್ನು ಕಂಡವರು ನಮ್ಮ ಪ್ರಾಚೀನ ವೈದ್ಯರು. ಸುಖವಾಗಿ ಕೂತಿರುವುದು, ಸುಖವಾಗಿ ಮಲಗಿರುವುದು ಪ್ರಮೇಹಕ್ಕೆ ಕಾರಣವೆಂದು ಚರಕ ಸಂಹಿತೆ ಹೇಳುತ್ತದೆ. 17ನೆಯ ಶತಮಾನದ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಹುಕಾಲದ ದುಃಖವೂ ಈ ರೋಗವನ್ನು ತರುತ್ತದೆಂದು ಬರೆದ. ಇಬ್ಬರ ಮಾತನ್ನೂ ಜೋಡಿಸಿಕೊಂಡರೆ ನಮ್ಮ ವಿಷಯ ಮುಕ್ಕಾಲು ಪಾಲು ಸಿಕ್ಕಂತೆಯೇ. ಆದರೆ ಚರಕನ ಮಾತಿಗೆ ಒಂದು ತಿದ್ದುಪಡಿ ಬೇಕು. ಖಿನ್ನತೆಯಿಂದ ಮಲಗಿದವನು ಸುಖವಾಗಿ ಮಲಗಿಲ್ಲ. ಇದನ್ನು ಮನೆಯವರು ಮರೆಯುವುದರಿಂದಲೇ ಅರ್ಧ ತೊಂದರೆ.

ಹಾಗಾದರೆ ದೇಹದೊಳಗೆ ನಡೆಯುವುದೇನು? ನಾವು ತಿಂದ ಅನ್ನ, ಮುದ್ದೆ, ರೊಟ್ಟಿ ಕೊನೆಗೆ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಮೇದೋಜ್ಜೀರಕ ಗ್ರಂಥಿಯಿಂದ ಬರುವ ಇನ್ಸುಲಿನ್ ಎಂಬ ಹಾರ್ಮೋನು ಜೀವಕೋಶಗಳ ಬಾಗಿಲು ತೆರೆದು ಆ ಗ್ಲೂಕೋಸನ್ನು ಒಳಗೆ ಬಿಡಿಸುತ್ತದೆ. ಬಾಗಿಲುಗಳು ಇನ್ಸುಲಿನ್ನಿನ ಮಾತು ಕೇಳದೆ ಮೊಂಡು ಹಿಡಿದಾಗ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಗ್ರಂಥಿ ಹೆಚ್ಚು ಹೆಚ್ಚು ಇನ್ಸುಲಿನ್ ಸುರಿದು ಕೆಲವು ವರ್ಷ ಹೇಗೋ ನಿಭಾಯಿಸುತ್ತದೆ, ಆಮೇಲೆ ಸೋಲುತ್ತದೆ. ವಯಸ್ಕರಲ್ಲಿ ಹೆಚ್ಚಾಗಿ ಕಾಣುವ ಎರಡನೆಯ ಬಗೆಯ ಮಧುಮೇಹ ಇದು. ಬಹಳಷ್ಟು ಸಲ ಮಕ್ಕಳಲ್ಲೇ ಶುರುವಾಗುವ ಮೊದಲನೆಯ ಬಗೆ ಬೇರೆ, ಅದನ್ನು ನಾನಿಲ್ಲಿ ಪ್ರಸ್ತಾಪಿಸುತ್ತಿಲ್ಲ.

ಈಗ ಖಿನ್ನತೆಯನ್ನು ಈ ಚಿತ್ರದೊಳಗೆ ತನ್ನಿ. ನಮ್ಮ ಮೂತ್ರಪಿಂಡಗಳ ತಲೆಯ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಕಷ್ಟಕಾಲಕ್ಕೆಂದು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಇದು ಯಕೃತ್ತಿನಿಂದ ಗ್ಲೂಕೋಸನ್ನು ರಕ್ತಕ್ಕೆ ಬಿಡಿಸುತ್ತದೆ, ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಕೂಡಿಸುತ್ತದೆ. ಚಿರತೆ ಕಂಡು ಓಡುವವನಿಗೆ ರಕ್ತದ ಸಕ್ಕರೆ ಏರುವುದು ವರವೇ ಸರಿ, ಅವನ ಕಾಲಿನ ಸ್ನಾಯುಗಳು ಅದನ್ನು ಕ್ಷಣದಲ್ಲಿ ಉರಿಸಿಬಿಡುತ್ತವೆ. ಖಿನ್ನತೆ ಇರುವ ಎಲ್ಲರಲ್ಲೂ ಅಲ್ಲದಿದ್ದರೂ ಹಲವರಲ್ಲಿ ಕಾರ್ಟಿಸಾಲ್ ತಿಂಗಳುಗಟ್ಟಲೆ ಹೆಚ್ಚಾಗಿಯೇ ಇರುತ್ತದೆ. ಚಿರತೆ ಇಲ್ಲ, ಓಟವೂ ಇಲ್ಲ. ಹಾಸಿಗೆಯಲ್ಲಿ ಸೂರು ನೋಡುತ್ತ ಮಲಗಿದವರ ರಕ್ತಕ್ಕೂ ಸಕ್ಕರೆ ಬಂದು ಸೇರುತ್ತಲೇ ಇರುತ್ತದೆ. ಇದಕ್ಕೆ ನಿದ್ದೆಗೇಡು ಕೂಡಿಕೊಳ್ಳುತ್ತದೆ. ಕೆಲವೇ ರಾತ್ರಿ ನಿದ್ದೆ ಕೆಟ್ಟರೂ ಜೀವಕೋಶಗಳ ಬಾಗಿಲು ಇನ್ಸುಲಿನ್ನಿಗೆ ಬಿಗಿಯಾಗುತ್ತದೆ ಎಂಬುದು ಪ್ರಯೋಗಗಳಿಂದ ತಿಳಿದಿದೆ. ಊಟದ ಹೊತ್ತು ತಪ್ಪುತ್ತದೆ. ಕೆಲವರು ಬೀಡಿ ಸಿಗರೇಟಿಗೆ, ಮದ್ಯಕ್ಕೆ ಕೈ ಚಾಚುತ್ತಾರೆ. ಮೇಲಾಗಿ ಕೆಲವು ಔಷಧಿಗಳೂ ತೂಕ ಏರಿಸುತ್ತವೆ. ಅದರ ಮಾತು ಮುಂದೆ ಬರುತ್ತದೆ.

ಮಧುಮೇಹವನ್ನು ತಡೆಯಲು ಸಾಧ್ಯವೇ ಎಂಬ ಪ್ರಶ್ನೆಗೆ ವಿಜ್ಞಾನ ಸಾಧ್ಯ ಎಂದೇ ಉತ್ತರಿಸಿದೆ. ಅಮೆರಿಕದಲ್ಲಿ ಹೊಸ್ತಿಲ ಮೇಲಿದ್ದ 3,234 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ 150 ನಿಮಿಷ ನಡಿಗೆಯಂಥ ವ್ಯಾಯಾಮ ಮತ್ತು ಶೇಕಡಾ 7ರಷ್ಟು ತೂಕ ಇಳಿಕೆಯ ಗುರಿ ಇಟ್ಟುಕೊಂಡವರಲ್ಲಿ ಮಧುಮೇಹ ಶೇಕಡಾ 58ರಷ್ಟು ಕಡಿಮೆಯಾಯಿತು. ನಮ್ಮ ಮೈಗೂ ಇದು ಹೊಂದುತ್ತದೆಯೇ ಎಂದು ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 531 ಜನರಲ್ಲಿ ಪರೀಕ್ಷಿಸಿ 2006ರಲ್ಲಿ ಫಲಿತಾಂಶ ಕೊಟ್ಟರು. ಮೂರು ವರ್ಷಗಳಲ್ಲಿ, ವಿಶೇಷ ಸಲಹೆ ಇಲ್ಲದವರಲ್ಲಿ ನೂರಕ್ಕೆ 55 ಜನ ಮಧುಮೇಹಿಗಳಾದರು. ಊಟ ಮತ್ತು ನಡಿಗೆ ತಿದ್ದಿಕೊಂಡವರಲ್ಲಿ ಆ ಸಂಖ್ಯೆ 39.

ಇಷ್ಟು ಹೇಳಿ "ನೀವೂ ನಡೆಯಿರಿ, ಮಿತವಾಗಿ ಉಣ್ಣಿ" ಎಂದು ಮಾತು ಮುಗಿಸುವುದು ಸುಲಭ. ಬಹುಪಾಲು ಆರೋಗ್ಯ ಭಾಷಣಗಳು ಅಲ್ಲಿಗೇ ನಿಲ್ಲುತ್ತವೆ. ಆದರೆ ಈ ಸಲಹೆಯ ಹೊಟ್ಟೆಯಲ್ಲಿ ಒಂದು ಊಹೆ ಅಡಗಿದೆ. ಕೇಳುತ್ತಿರುವವನು ಮನಸ್ಸು ಮಾಡಿದರೆ ಎದ್ದು ಹೋಗಬಲ್ಲ ಎಂಬ ಊಹೆ ಅದು. ಖಿನ್ನತೆ ಮೊದಲು ಕಸಿಯುವುದೇ ಆ ಮನಸ್ಸು ಮಾಡುವ ಶಕ್ತಿಯನ್ನು. ಹಲ್ಲುಜ್ಜುವುದು, ತಲೆ ಬಾಚುವುದು ಕೂಡ ಬೆಟ್ಟ ಹತ್ತಿದಂತಾಗಿರುವವರಿಗೆ ದಿನಕ್ಕೆ ನಲವತ್ತೈದು ನಿಮಿಷ ಬಿರುಸಾಗಿ ನಡೆಯಿರಿ ಎನ್ನುವುದು ಕಾಲು ಮುರಿದವನಿಗೆ ಮೆಟ್ಟಿಲು ಹತ್ತು ಎಂದಂತೆ. "ಯಾವಾಗ್ಲೂ ಬಿದ್ಕೊಂಡಿರ್ತೀಯ, ಅದಕ್ಕೇ ಹೀಗೆ ಮೈ ಬಂದಿದೆ" ಎಂಬ ಮಾತನ್ನು ಮನೆಯವರು ಒಳ್ಳೆಯದಕ್ಕೇ ಆಡಿರಬಹುದು. ಆದರೆ ತನ್ನನ್ನು ತಾನೇ ಹಗಲಿರುಳು ಹಳಿದುಕೊಳ್ಳುತ್ತಿರುವವರಿಗೆ ಅದು ಇನ್ನೊಂದು ಕಲ್ಲು. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ನಿಜ. ಉಣ್ಣುವ ಮನಸ್ಸೇ ಸತ್ತವನ ವಿಷಯದಲ್ಲಿ ಮಾತ್ರ ಅದು ಮೌನವಾಗಿದೆ.

ಆದ್ದರಿಂದ ಈ ಜನರಲ್ಲಿ ಮಧುಮೇಹ ತಡೆಯುವ ಮೊದಲ ಉಪಾಯ ಖಿನ್ನತೆಗೇ ಸರಿಯಾದ ಚಿಕಿತ್ಸೆ. ಮಾತ್ರೆಯಿರಲಿ, ಮಾತಿನ ಚಿಕಿತ್ಸೆಯಿರಲಿ, ಮನಸ್ಸು ಒಂದಿಷ್ಟು ಹಗುರವಾದ ಮೇಲೆ ಕಾಲು ತಾನಾಗಿ ಹೊಸ್ತಿಲು ದಾಟುತ್ತದೆ. ಹಾಗೆಂದು ಪೂರ್ತಿ ಗುಣವಾಗಲಿ, ಆಮೇಲೆ ನಡೆಯೋಣ ಎಂದು ಕಾಯಬೇಕಾಗಿಯೂ ಇಲ್ಲ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ 495 ಖಿನ್ನರ ಮೇಲೆ ಮನೋವೈದ್ಯ ಡಾ. ವಿಕ್ರಂ ಪಟೇಲ್ ಮತ್ತು ಸಂಗಡಿಗರು ನಡೆಸಿದ ಒಂದು ಅಧ್ಯಯನ ಈ ದೃಷ್ಟಿಯಿಂದ ಮುಖ್ಯ. ಅಲ್ಲಿ ಚಿಕಿತ್ಸೆ ಕೊಟ್ಟವರು ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಆರರಿಂದ ಎಂಟು ಸಲ ಕೂತು ಮಾತಾಡಿದರು. ಅವರ ವಿಧಾನದ ತಿರುಳು ಇಷ್ಟೇ: ಮನಸ್ಸು ಬಂದ ಮೇಲೆ ಕೆಲಸ ಮಾಡುತ್ತೇನೆ ಎನ್ನುವುದನ್ನು ತಿರುಗಿಸಿ, ಒಂದು ಸಣ್ಣ ಕೆಲಸ ಮೊದಲು ಮಾಡೋಣ, ಮನಸ್ಸು ಹಿಂದಿನಿಂದ ಬರಲಿ. ಮೂರು ತಿಂಗಳ ಬಳಿಕ ನೋಡಿದಾಗ ಈ ಚಿಕಿತ್ಸೆ ಸಿಕ್ಕವರಲ್ಲಿ ನೂರಕ್ಕೆ 64 ಜನ ಖಿನ್ನತೆಯಿಂದ ಹೊರಬಂದಿದ್ದರು, ಉಳಿದವರಲ್ಲಿ 39 ಜನ.

ಈ ಸಣ್ಣ ಕೆಲಸ ನಡಿಗೆಯೇ ಆದರೆ ಒಂದು ಕಲ್ಲಿಗೆ ಎರಡು ಮಾವಿನಕಾಯಿ. ಸ್ನಾಯು ಚಲಿಸಿದಾಗ ಅದು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆಯೇ ರಕ್ತದಿಂದ ಗ್ಲೂಕೋಸನ್ನು ಎಳೆದುಕೊಳ್ಳುತ್ತದೆ. ಅತ್ತ ಮನಸ್ಸಿಗೂ ಲಾಭ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 50 ದಾಟಿದ 156 ಖಿನ್ನರಲ್ಲಿ ಕೆಲವರಿಗೆ ಮಾತ್ರೆ, ಕೆಲವರಿಗೆ ವ್ಯಾಯಾಮ, ಕೆಲವರಿಗೆ ಎರಡನ್ನೂ ಕೊಟ್ಟು ನೋಡಿ 1999ರಲ್ಲಿ ವರದಿ ಮಾಡಿದರು. ಮಾತ್ರೆಯವರು ಮೊದಲ ವಾರಗಳಲ್ಲಿ ಬೇಗ ಚೇತರಿಸಿಕೊಂಡರು. ಆದರೆ 16 ವಾರದ ಕೊನೆಗೆ ಮೂರು ಗುಂಪಿನವರೂ ಹೆಚ್ಚುಕಡಿಮೆ ಸಮನಾಗಿ ಸುಧಾರಿಸಿದ್ದರು. ಇಲ್ಲಿ ಗಮನಿಸಬೇಕಾದದ್ದು, ಆ ವ್ಯಾಯಾಮ ಒಬ್ಬೊಬ್ಬರೇ ಮಾಡಿದ್ದಲ್ಲ, ಮೇಲ್ವಿಚಾರಕರ ಜೊತೆ ಗುಂಪಿನಲ್ಲಿ ಮಾಡಿದ್ದು. ಇದನ್ನು ಓದಿ ಮಾತ್ರೆ ಬಿಟ್ಟು ವ್ಯಾಯಾಮಕ್ಕೆ ಹೊರಡಬೇಡಿ. ಮಾತ್ರೆಯ ಜೊತೆಗೆ ನಡಿಗೆಯನ್ನು ಸೇರಿಸಿಕೊಳ್ಳಿ.

ನಡಿಗೆಯ ಬಗ್ಗೆ ನನ್ನದೊಂದು ತಕರಾರಿದೆ. ನಮ್ಮಲ್ಲಿ ನಡಿಗೆ ಎಂದರೆ ಬೆಳಗಿನ ಐದೂವರೆಗೆ ಎದ್ದು, ಬಿಳಿ ಬೂಟು ಹಾಕಿ, ಉದ್ಯಾನಕ್ಕೆ ಹೋಗುವುದು ಎಂದಾಗಿಬಿಟ್ಟಿದೆ. ಆದರೆ ತೀವ್ರ ಖಿನ್ನತೆಯಲ್ಲಿ ಹಲವರಿಗೆ ದಿನದ ಅತ್ಯಂತ ಭಾರವಾದ ಹೊತ್ತು ಮುಂಜಾವೇ. ನಸುಕಿಗೇ ಎಚ್ಚರವಾಗುತ್ತದೆ, ಏಳಲಾಗುವುದಿಲ್ಲ. ರಾತ್ರಿ ನುಂಗಿದ ಮಾತ್ರೆಯ ಜೋಂಪೂ ಇರುತ್ತದೆ. ಇಂಥವರನ್ನು ಬೆಳಗ್ಗೆ ಎಬ್ಬಿಸಲು ಹೋಗಿ ಮನೆಯಲ್ಲಿ ದಿನಾ ಜಗಳ. ಸಂಜೆ ಹೊತ್ತಿಗೆ ಮನಸ್ಸು ತುಸು ತಿಳಿಯಾಗುತ್ತದೆ. ಆಗ ಕರೆಯಿರಿ. ಅದೂ "ವಾಕಿಂಗ್ ಹೋಗು" ಎಂದಲ್ಲ. "ಹಾಲು ತರೋಕೆ ಹೊರಟಿದೀನಿ, ಜೊತೆಗೆ ಬಾ" ಎಂದು. ಮೊದಲ ವಾರ ಬೀದಿ ಕೊನೆಯ ಅರಳಿಮರದವರೆಗೆ ಹೋಗಿ ಬಂದರೂ ಸಾಕು. ಎರಡನೆಯ ವಾರ ಬಸ್ ನಿಲ್ದಾಣದವರೆಗೆ. ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ಅಂಗಳದಲ್ಲೋ ತಾರಸಿಯ ಮೇಲೋ ಓಡಾಡಿದರೆ ಊಟದ ನಂತರ ಏರುವ ಸಕ್ಕರೆಗೆ ಅದು ಒಳ್ಳೆಯ ಕಡಿವಾಣ. ಹತ್ತು ಹತ್ತು ನಿಮಿಷಗಳನ್ನು ಕೂಡಿಸಿಯೇ ವಾರದ 150 ನಿಮಿಷ ಮುಟ್ಟಬಹುದು, ತಿಂಗಳುಗಳು ಹಿಡಿದರೂ ಚಿಂತೆಯಿಲ್ಲ. ಒಂದು ದಿನ ತಪ್ಪಿದರೆ ಆ ಮಾತನ್ನೇ ಎತ್ತಬೇಡಿ. ಮಾರನೆಯ ದಿನ ಅದೇ ಹೊತ್ತಿಗೆ ಮತ್ತೆ ಕರೆಯಿರಿ.

ಊಟದ ವಿಷಯದಲ್ಲೂ ಹೀಗೇ. ಆಸ್ಪತ್ರೆಯಿಂದ ತಂದ ಪಥ್ಯದ ಪಟ್ಟಿ ಎಷ್ಟೋ ಮನೆಗಳಲ್ಲಿ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡು ಹಳದಿಯಾಗುತ್ತಿದೆ. ಇಪ್ಪತ್ತು ಬದಲಾವಣೆಗಳ ಪಟ್ಟಿಗಿಂತ ಒಂದು ಬದಲಾವಣೆ ಮೇಲು. ಮೊದಲು ಲೋಟಗಳನ್ನು ಎಣಿಸಿ. ಬೇಸರ ಕಳೆಯಲು ದಿನಕ್ಕೆ ಆರು ಸಲ ಕಾಫಿ ಟೀ ಕುಡಿಯುವವರು ಪ್ರತಿ ಲೋಟಕ್ಕೆ ಎರಡು ಚಮಚ ಸಕ್ಕರೆ ಹಾಕಿಕೊಂಡರೆ ಹನ್ನೆರಡು ಚಮಚ, ಅಂದರೆ ಸುಮಾರು 50 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ, ದಿನವೊಂದಕ್ಕೆ ಹೊರಗಿನಿಂದ ಸೇರುವ ಸಕ್ಕರೆ ಆದಷ್ಟೂ 25 ಗ್ರಾಂ ಒಳಗಿರಲಿ ಎಂದಿತು. ಎರಡು ಚಮಚವನ್ನು ಒಂದು ಮಾಡಿದರೆ ಮನಸ್ಸಿಗೆ ಹೆಚ್ಚು ಹಿಂಸೆಯಿಲ್ಲದೆ ಆ ಮಿತಿ ಹತ್ತಿರ ಬಂತು. ಇನ್ನು ಹಸಿವಿಲ್ಲವೆಂದು ಹಗಲೆಲ್ಲ ಉಪವಾಸವಿದ್ದು ರಾತ್ರಿ ಹತ್ತಕ್ಕೆ ಬಿಸ್ಕತ್ತು, ಬ್ರೆಡ್ಡು, ಮಿಕ್ಸ್ಚರ್ ಡಬ್ಬಕ್ಕೆ ಕೈ ಹಾಕುವುದು ಖಿನ್ನರಲ್ಲಿ ಸಾಮಾನ್ಯ. ಹೊತ್ತಿಗೆ ಸರಿಯಾಗಿ ತಟ್ಟೆ ಮುಂದಿಟ್ಟು, ಜೊತೆಗೆ ಕೂತು ಯಾರಾದರೂ ಉಂಡರೆ ಇದು ಬಹಳ ಮಟ್ಟಿಗೆ ನಿಲ್ಲುತ್ತದೆ. ಅನ್ನ ಸ್ವಲ್ಪ ಕಡಿಮೆ, ಹುರುಳಿ ಸಾರು, ಮೊಳಕೆ ಹೆಸರುಕಾಳು, ಸೊಪ್ಪಿನ ಪಲ್ಯ, ಮೊಟ್ಟೆ ತಿನ್ನುವವರಾದರೆ ಮೊಟ್ಟೆ ಸ್ವಲ್ಪ ಹೆಚ್ಚು. ರಾಗಿ ತಿಂದವರಿಗೆ ಶುಗರ್ ಬರುವುದಿಲ್ಲ ಎಂಬ ಮಾತನ್ನು ಮಾತ್ರ ಪೂರ್ತಿ ನಂಬಬೇಡಿ. ರಾಗಿಯಲ್ಲಿ ನಾರು ಇದೆ, ಸುಣ್ಣದ ಅಂಶವಿದೆ, ಜೊತೆಗೆ ಅಕ್ಕಿಯಲ್ಲಿರುವಂತೆ ಪಿಷ್ಟವೂ ಧಾರಾಳವಾಗಿದೆ. ದೊಡ್ಡ ಮುದ್ದೆ ಎರಡು ನುಂಗಿ ಹೊಲಕ್ಕೆ ಹೋಗಿ ದುಡಿದ ಅಜ್ಜನ ಲೆಕ್ಕ ಬೇರೆ, ಉಂಡು ಹಾಸಿಗೆಗೆ ಮರಳುವವರ ಲೆಕ್ಕ ಬೇರೆ.

ಈಗ ಔಷಧಿಯ ವಿಷಯ. ಇದನ್ನು ನಿಧಾನವಾಗಿ ಓದಿ. "ಮನಸ್ಸಿನ ಮಾತ್ರೆಯಿಂದ ಶುಗರ್ ಬರುತ್ತಂತೆ, ನಿಲ್ಲಿಸಿಬಿಡಲಾ?" ಎಂಬ ಪ್ರಶ್ನೆ ನಮ್ಮ ಕಾರ್ಯಕ್ರಮಗಳಿಗೆ ಮತ್ತೆ ಮತ್ತೆ ಬಂದಿದೆ. ನಿಲ್ಲಿಸಬೇಡಿ. ವೈದ್ಯರನ್ನು ಕೇಳದೆ ಒಂದು ದಿನವೂ ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸಿದರೆ ತಲೆ ಸುತ್ತು, ನಿದ್ದೆಗೇಡು, ಕಿರಿಕಿರಿ, ತಲೆಯೊಳಗೆ ವಿದ್ಯುತ್ ಹರಿದಂಥ ಅನುಭವ ಆಗಬಹುದು. ಅದಕ್ಕಿಂತ ಹೆಚ್ಚಾಗಿ, ಖಿನ್ನತೆ ಮರುಕಳಿಸಬಹುದು, ಜೀವಕ್ಕೇ ಕುತ್ತು ತಂದುಕೊಳ್ಳುವ ಯೋಚನೆಗಳು ಮರಳಬಹುದು. ಮುಂದೆಂದೋ ಬರಬಹುದಾದ ಸಕ್ಕರೆಗೆ ಹೆದರಿ ಇಂದಿನ ಜೀವವನ್ನು ಪಣಕ್ಕಿಡುವುದು ಯಾವ ಲೆಕ್ಕ?

ಹಾಗಂತ ಪ್ರಶ್ನೆಯೇ ತಪ್ಪು ಎಂದಲ್ಲ. ಎಲ್ಲ ಮಾತ್ರೆಗಳೂ ಒಂದೇ ಬಗೆಯವಲ್ಲ. ಮಿರ್ಟಾಜಪೀನ್, ಅಮಿಟ್ರಿಪ್ಟಿಲೀನ್ ಹಸಿವು ಮತ್ತು ತೂಕವನ್ನು ಏರಿಸಬಲ್ಲವು. ಫ್ಲುವಾಕ್ಸೆಟೀನ್, ಸರ್ಟ್ರಲೀನ್‌ಗಳಲ್ಲಿ ಇದು ಕಡಿಮೆ. ಖಿನ್ನತೆ ಜಗ್ಗದಿದ್ದಾಗ ಜೊತೆಗೆ ಕೊಡುವ ಓಲಾಂಜಪೀನ್, ಕ್ವಿಟಿಯಾಪೀನ್‌ಗಳು ತೂಕವನ್ನಷ್ಟೇ ಅಲ್ಲ, ಸಕ್ಕರೆ ಮತ್ತು ಕೊಬ್ಬನ್ನೂ ಏರಿಸಬಲ್ಲವು. ಯಾವುದು ಯಾರಿಗೆ ಎಂಬುದನ್ನು ವೈದ್ಯರು ಹಲವು ಕಾರಣ ತೂಗಿ ನಿರ್ಧರಿಸಿರುತ್ತಾರೆ. ಏನೂ ತಿನ್ನದೆ, ನಿದ್ದೆಯಿಲ್ಲದೆ ಕೃಶರಾದವರಿಗೆ ಹಸಿವು ಏರಿಸುವ ಮಾತ್ರೆಯೇ ಸರಿಯಾದೀತು. ಆದರೆ ತೂಕ ಬಹಳಷ್ಟು ಏರುವುದು ಮೊದಲ ಕೆಲವು ತಿಂಗಳಲ್ಲೇ ಆದ್ದರಿಂದ ಕಣ್ಣಿಡಬೇಕಾದ ಕಾಲವೂ ಅದೇ. ಓಲಾಂಜಪೀನ್ ಗುಂಪಿನ ಔಷಧಿಗಳ ವಿಷಯದಲ್ಲಿ ಅಮೆರಿಕದ ಮಧುಮೇಹ ತಜ್ಞರೂ ಮನೋವೈದ್ಯರೂ ಕೂಡಿ 2004ರಲ್ಲಿ ಒಂದು ಪದ್ಧತಿ ಹಾಕಿಕೊಟ್ಟರು. ಔಷಧಿ ಶುರು ಮಾಡುವ ಮೊದಲೇ ತೂಕ, ಸೊಂಟದ ಸುತ್ತಳತೆ, ರಕ್ತದೊತ್ತಡ, ಖಾಲಿ ಹೊಟ್ಟೆಯ ಸಕ್ಕರೆ, ಕೊಬ್ಬು ನೋಡಿಡುವುದು. ಆಮೇಲೆ 4, 8, 12ನೆಯ ವಾರಗಳಲ್ಲಿ ತೂಕ, 12ನೆಯ ವಾರಕ್ಕೆ ಮತ್ತೆ ಸಕ್ಕರೆ, ಅನಂತರ ವರ್ಷಕ್ಕೊಮ್ಮೆ. ಕ್ಯಾಲೆಂಡರಿನಲ್ಲಿ ಈ ವಾರಗಳನ್ನು ನೀವೇ ಗುರುತು ಹಾಕಿಕೊಳ್ಳಬಹುದು. ತೂಕ ನೋಡುವ ಯಂತ್ರ ಮನೆಯಲ್ಲಿ ಇಲ್ಲದಿದ್ದರೆ ಔಷಧಿ ಅಂಗಡಿಯಲ್ಲೋ ಆರೋಗ್ಯ ಕೇಂದ್ರದಲ್ಲೋ ಇರುತ್ತದೆ. ಮೂರು ತಿಂಗಳಲ್ಲಿ ತೂಕ ನಾಲ್ಕೈದು ಕಿಲೋ ಏರಿದ್ದರೆ ಅದನ್ನು ಬರೆದುಕೊಂಡು ಹೋಗಿ ಮನೋವೈದ್ಯರ ಮುಂದಿಡಿ. ಮಾತ್ರೆ ಬದಲಿಸಲು, ಪ್ರಮಾಣ ತಗ್ಗಿಸಲು, ಇಲ್ಲವೇ ಬೇರೆ ಉಪಾಯ ಹೂಡಲು ಅವರಿಗೆ ದಾರಿಗಳಿವೆ.

ಇನ್ನೊಂದು ಮಾತು. ಮನೋವೈದ್ಯರ ಚೀಟಿಯನ್ನು ಬೇರೆ ಕವರಿನಲ್ಲಿ ಬೀರುವಿನ ತಳಕ್ಕೆ ಸೇರಿಸಿ, ಉಳಿದ ಚೀಟಿಗಳನ್ನಷ್ಟೇ ಮನೆ ವೈದ್ಯರಿಗೆ ತೋರಿಸುವ ರೂಢಿ ನಮ್ಮಲ್ಲಿದೆ. ದಯವಿಟ್ಟು ಎರಡನ್ನೂ ಒಂದೇ ಫೈಲಿಗೆ ಹಾಕಿ. ಯಾವ ಮಾತ್ರೆ ನಡೆಯುತ್ತಿದೆ ಎಂದು ತಿಳಿಯದ ವೈದ್ಯರು ಏರಿದ ತೂಕಕ್ಕೆ ನಾಲಿಗೆ ಚಪಲವೇ ಕಾರಣವೆಂದು ತಿಳಿದಾರು.

ಪರೀಕ್ಷೆಯ ಅಂಕಿಗಳು ಹೀಗಿವೆ. ಖಾಲಿ ಹೊಟ್ಟೆಯಲ್ಲಿ ನೂರು ಮಿಲಿಲೀಟರ್ ರಕ್ತಕ್ಕೆ 100 ಮಿಲಿಗ್ರಾಂ ಒಳಗಿದ್ದರೆ ಸರಿ. 100ರಿಂದ 125 ಹೊಸ್ತಿಲು. 126 ಅಥವಾ ಅದಕ್ಕಿಂತ ಹೆಚ್ಚು ಎಂದರೆ ಮಧುಮೇಹ, ಇನ್ನೊಮ್ಮೆ ನೋಡಿ ಖಚಿತಪಡಿಸಿಕೊಳ್ಳುತ್ತಾರೆ. ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 5.7ರಿಂದ 6.4 ಹೊಸ್ತಿಲು, 6.5ರಿಂದ ಮೇಲೆ ಮಧುಮೇಹ. ದರ್ಜಿಯ ಟೇಪಿನಿಂದ ಸೊಂಟ ಅಳೆದುಕೊಳ್ಳಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಭಾರತೀಯರ ಮೈಕಟ್ಟಿಗೆ ಅದು ಎಚ್ಚರಿಕೆ. ಲಕ್ಷಣ ಕಾಣಲಿ ಎಂದು ಕಾಯಬೇಡಿ ಎನ್ನುವುದಕ್ಕೆ ಇಲ್ಲೊಂದು ವಿಶೇಷ ಕಾರಣವಿದೆ. ಸುಸ್ತು, ತೂಕ ಇಳಿಯುವುದು, ರಾತ್ರಿ ಎಚ್ಚರವಾಗುವುದು, ಕೆಲಸದಲ್ಲಿ ಗಮನ ನಿಲ್ಲದಿರುವುದು ಇವು ಖಿನ್ನತೆಯಲ್ಲೂ ಉಂಟು, ಏರಿದ ಸಕ್ಕರೆಯಲ್ಲೂ ಉಂಟು. "ಅವರದು ಇದ್ದದ್ದೇ" ಎಂದು ಮನೆಯವರು ಸುಮ್ಮನಿರುವಾಗ ಸಕ್ಕರೆ 300 ಮುಟ್ಟಿರಬಹುದು.

ಇಷ್ಟು ಹೊತ್ತು ಮನೆಯವರು ಕರೆಯಲಿ, ಮನೆಯವರು ಬಡಿಸಲಿ ಎಂದೆ. ಬಡಿಸುವವಳೇ ಖಿನ್ನಳಾದರೆ? ಖಿನ್ನತೆ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಗಂಡನ ಶುಗರ್ ಮಾತ್ರೆಯ ಹೊತ್ತು, ಅತ್ತೆಯ ಉಪ್ಪಿಲ್ಲದ ಸಾರು, ಮಕ್ಕಳ ಡಬ್ಬಿ ಎಲ್ಲವನ್ನೂ ನೆನಪಿಟ್ಟವಳು ಕೊನೆಗೆ ಮಧ್ಯಾಹ್ನ ಮೂರಕ್ಕೆ ಪಾತ್ರೆಯ ತಳದಲ್ಲುಳಿದ ಅನ್ನವನ್ನು ದಂಡವಾಗಬಾರದೆಂದು ನಿಂತೇ ತಿನ್ನುತ್ತಾಳೆ. ಅವಳ ಆಯಾಸಕ್ಕೆ ಯಾರೂ ಕಾಯಿಲೆಯ ಹೆಸರಿಡುವುದಿಲ್ಲ, ಅವಳ ಸಕ್ಕರೆಯನ್ನು ಯಾರೂ ಪರೀಕ್ಷಿಸುವುದಿಲ್ಲ. ಬಸುರಿನಲ್ಲಿ ಸಕ್ಕರೆ ಏರಿದ್ದವರ ವಿಷಯ ಇನ್ನೂ ಗಂಭೀರ. ಹೆರಿಗೆಯ ನಂತರ ಅದು ಇಳಿದರೂ ಅಂಥವರಿಗೆ ಮುಂದೆ ಮಧುಮೇಹ ಬರುವ ಸಂಭವ ಹಲವು ಪಟ್ಟು ಹೆಚ್ಚು. ಅದೇ ಹೊತ್ತಿಗೆ ಬಾಣಂತಿ ಖಿನ್ನತೆಯೂ ಕವಿಯಬಹುದು. ನಮ್ಮ ಬಾಣಂತನದಲ್ಲಿ ಎಣ್ಣೆ ಸ್ನಾನ, ಬೆಚ್ಚಗಿನ ಕೋಣೆ, ತುಪ್ಪದನ್ನ, ಅಂಟಿನುಂಡೆ ಎಲ್ಲ ಉಂಟು. ಅಳುತ್ತ ಕೂತವಳನ್ನು "ಏನಮ್ಮಾ, ಮನಸ್ಸಿಗೆ ಏನಾಗುತ್ತಿದೆ?" ಎಂದು ಕೇಳುವ ಪದ್ಧತಿ ಮಾತ್ರ ಎಲ್ಲ ಮನೆಗಳಲ್ಲಿಲ್ಲ. ಹೆರಿಗೆಯಾದ ಆರು ವಾರದ ಸುಮಾರಿಗೆ ಮಗುವಿನ ಚುಚ್ಚುಮದ್ದಿಗೆಂದು ಹೋಗುತ್ತೀರಲ್ಲ, ಅಂದೇ ತಾಯಿಯ ಸಕ್ಕರೆಯನ್ನೂ ನೋಡಿಸಿ, ಅವಳ ಮನಸ್ಸಿನ ವಿಷಯವನ್ನೂ ವೈದ್ಯರಿಗೆ ಹೇಳಿ. ನಡುವಯಸ್ಸಿನ ಮನೆಯೊಡತಿಯಾದರೆ, ಗಂಡ ಪ್ರತಿ ಮೂರು ತಿಂಗಳಿಗೆ ರಕ್ತ ಕೊಡಲು ಹೋಗುವಾಗ ಅವಳನ್ನೂ ವರ್ಷಕ್ಕೊಮ್ಮೆ ಪಕ್ಕದ ಕುರ್ಚಿಯಲ್ಲಿ ಕೂರಿಸಲಿ.

ಮಧುಮೇಹ, ಖಿನ್ನತೆ ಎರಡೂ ಆಗಲೇ ಇದ್ದ 404 ಜನರ ಮೇಲೆ ಬೆಂಗಳೂರೂ ಸೇರಿ ದೇಶದ ನಾಲ್ಕು ನಗರಗಳ ಚಿಕಿತ್ಸಾಲಯಗಳಲ್ಲಿ ನಡೆದ ಒಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಎರಡು ಕಾಯಿಲೆಗಳ ಲೆಕ್ಕವನ್ನೂ ಇಟ್ಟುಕೊಂಡು, ರೋಗಿಯನ್ನು ಆಗಾಗ ವಿಚಾರಿಸುತ್ತ, ಎರಡೂ ಕಡೆಯ ವೈದ್ಯರಿಗೆ ಸುದ್ದಿ ಮುಟ್ಟಿಸುವ ಒಬ್ಬ ಸಂಯೋಜಕರನ್ನು ಅಲ್ಲಿ ನೇಮಿಸಿದ್ದರು. ಅಂಥವರಿದ್ದ ಕಡೆ ಮನಸ್ಸೂ ದೇಹವೂ ಒಟ್ಟಿಗೆ ಸುಧಾರಿಸಿದವರ ಪ್ರಮಾಣ ಹೆಚ್ಚಿತ್ತು. ನಮ್ಮ ಊರಿನ ಆಸ್ಪತ್ರೆಯಲ್ಲಿ ಅಂಥ ಹುದ್ದೆ ಇರಲಿಕ್ಕಿಲ್ಲ. ಮನೆಯಲ್ಲಿ ಒಬ್ಬರು ಆ ಕೆಲಸ ವಹಿಸಿಕೊಳ್ಳಬಹುದು. ಕಾಲೇಜಿಗೆ ಹೋಗುವ ಮಗಳೋ ಸೋದರಳಿಯನೋ ಒಂದು ನೋಟ್‌ಪುಸ್ತಕದಲ್ಲಿ ತೂಕ, ಸಕ್ಕರೆ, ಮಾತ್ರೆ, ನಿದ್ದೆ ಬರೆದಿಟ್ಟುಕೊಂಡರೆ ವೈದ್ಯರ ಐದು ನಿಮಿಷದಲ್ಲಿ ಹೇಳಬೇಕಾದದ್ದೆಲ್ಲ ಹೇಳಿದಂತಾಗುತ್ತದೆ.

ಸರ್ಕಾರದ ವ್ಯವಸ್ಥೆಯೂ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಒಯ್ದಿತು. 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಆದ್ದರಿಂದ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡ ಮತ್ತು ಸಕ್ಕರೆಯ ತಪಾಸಣೆ ಉಚಿತ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಿನ ತಿಳಿಸುತ್ತಾರೆ. ಹೊರಗೆ ಹೋಗಲು, ಮುಖ ತೋರಿಸಲು ಸಂಕೋಚವಿದ್ದರೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಕರೆ ಮಾಡಿ. ದಿನದ 24 ಗಂಟೆಯೂ ಕನ್ನಡದಲ್ಲೇ ಮಾತಾಡಬಹುದು, ಕರೆಗೆ ಹಣವಿಲ್ಲ. ಬದುಕು ಬೇಡ ಎಂಬ ಮಾತು ನಿಮ್ಮ ಮನೆಯವರ ಬಾಯಿಂದ ಬಂದ ದಿನ ಮಾತ್ರ ಸಕ್ಕರೆ, ನಡಿಗೆ, ಪಥ್ಯ ಎಲ್ಲವನ್ನೂ ಬದಿಗಿಟ್ಟು, ಅವರನ್ನು ಒಬ್ಬರೇ ಬಿಡದೆ, ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ರಕ್ತಪರೀಕ್ಷೆಯನ್ನು ಮುಂದಿನ ವಾರವೂ ಮಾಡಿಸಬಹುದು.